ಹಲ್ಲಿನ ಡಾಕ್ಟರು ಡಿಸ್ಟ್ರಿಬ್ಯೂಟರ್ ಕಿತ್ತದ್ದು

"ಕೀಳೋದು ನನ್ನ ಕಸುಬು ಕಣೇ! ಎಂಥೆಂಥಾ ದವಡೆ ಹಲ್ಲನ್ನೇ ಕಿತ್ತು ಕೈಗೆ ಕೊಟ್ಟಿದೀನಿ. ಇದ್ಯಾವ ಮಹಾ!"

ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸುವ ಶೆಡ್ಡಿನ ಬಾಗಿಲಲ್ಲಿ ನಿಂತು ಹಲ್ಲಿನ ಡಾಕ್ಟರು ಹೆಂಡತಿಯೆದುರು ಹೀಗೆ ಘೋಷಿಸಿದರು. ಮೈಮೇಲೆ ಬಿಳಿ ಕೋಟು, ಕೈಗೆ ರಬ್ಬರ್ ಗ್ಲೌಸು, ಹಣೆಗೆ ರೋಗಿಗಳ ಬಾಯೊಳಗೆ ಇಣುಕುವ ದೀಪ. ಎದುರಿಗೆ ಮಾವನವರ ಓಬೀರಾಯನ ಕಾಲದ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಕುರ್ಚಿಯಲ್ಲಿ "ಆ" ಎಂದು ಬಾಯಿ ಕಳೆದು ಕೂತ ರೋಗಿಗೂ ಅದಕ್ಕೂ ಡಾಕ್ಟರಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅನಾಹುತ ಶುರುವಾದದ್ದೇ ಅಲ್ಲಿ.

ವಿಷಯ ಇಷ್ಟೆ. ಮಾವನವರು ಬದುಕಿರುವ ತನಕ ಪ್ರತಿವರ್ಷ ಮದುವೆಯಾದ ದಿನ ಅತ್ತೆಯನ್ನು ಈ ಕಾರಿನಲ್ಲಿ ಕೂರಿಸಿಕೊಂಡು ಕೆರೆಯ ಏರಿಗೆ ಹೋಗಿ, ಸೂರ್ಯ ಮುಳುಗುವುದನ್ನು ನೋಡಿ ಬರುತ್ತಿದ್ದರು. ಅವರು ಹೋದ ಮೇಲೆ ಅತ್ತೆ ಮಗಳ ಮನೆಗೆ ಬಂದರು, ಹಿಂದೆಯೇ ಕಾರೂ ಬಂತು. ಈ ವರ್ಷ ಆ ದಿನ ಭಾನುವಾರ ಬಿದ್ದಿತ್ತು. ಅತ್ತೆ ಯಾರನ್ನೂ ಏನನ್ನೂ ಕೇಳುವವರಲ್ಲ. ಅಂಥವರು ಮೊನ್ನೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, "ಅಳಿಯಂದಿರೇ, ಭಾನುವಾರ ಕಾರು ಹೊರಡುತ್ತಾ?" ಎಂದು ಕೇಳಿಬಿಟ್ಟರು. ಡಾಕ್ಟರು ಹಿಂದೆಮುಂದೆ ನೋಡಲಿಲ್ಲ. "ಹೊರಡುತ್ತಾ ಅಂದ್ರೇನು ಅತ್ತೆ! ಹಾರುತ್ತೆ!" ಎಂದು ಮಾತು ಕೊಟ್ಟರು.

ಹಾರುವುದಿರಲಿ, ಕಾರು ಹೆಜ್ಜೆಗೊಮ್ಮೆ ಬಿಕ್ಕುತ್ತಿತ್ತು. ಡಿಸ್ಟ್ರಿಬ್ಯೂಟರ್ ಸವೆದಿದೆ, ಬದಲಾಯಿಸಬೇಕು ಎಂದು ಮೆಕ್ಯಾನಿಕ್ ಹೇಳಿ, ಹೊಸದನ್ನು ತರಿಸಿಟ್ಟು, ತಾನು ಮಾತ್ರ ನೆಂಟರ ಮದುವೆಗೆಂದು ಪರವೂರಿಗೆ ನಡೆದಿದ್ದ.

"ಅವನು ಬರೋ ತನಕ ಕಾಯಬಾರದೇನ್ರೀ?" ಎಂದರು ಹೆಂಡತಿ.

"ಅವನು ಬರ್ತಾನೆ, ಈ ಭಾನುವಾರ ಮತ್ತೆ ಬರುತ್ತೇನೇ? ಇದರಲ್ಲಿ ಅಂಥಾ ವಿದ್ಯೆ ಏನಿದೆ? ಇಂಜಿನ್ನಿಗೆ ನಾಲ್ಕು ಸಿಲಿಂಡರ್. ನಾಲ್ಕಕ್ಕೂ ಸರದಿ ಪ್ರಕಾರ ಬೆಂಕಿಯ ಕಿಡಿ ಹಂಚೋದು ಈ ಡಿಸ್ಟ್ರಿಬ್ಯೂಟರ್ ಕೆಲಸ. ಬರೀ ಹಂಚಿಕೆ!"

ಹಂಚಿಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ಹೆಂಡತಿಯ ಮುಖ ಬಿಗಿಯಿತು. "ಹಂಚಿಕೆ ವಿಷಯ ಮಾತ್ರ ನನ್ನ ಹತ್ರ ಎತ್ತಬೇಡಿ. ನಮ್ಮಪ್ಪ ಪೆಪ್ಪರ್‌ಮಿಂಟ್ ಹಂಚ್ತಿದ್ದದ್ದು ಗೊತ್ತಲ್ಲ? ಮೊದಲು ದೊಡ್ಡಕ್ಕನಿಗೆ. ಆಮೇಲೆ ನನ್ನನ್ನ ಹಾರಿಸಿ ಮೂರನೆಯವಳಿಗೆ. ಆಮೇಲೆ ಪುಟ್ಟಿಗೆ. ಎಲ್ಲಾ ಮುಗಿದ ಮೇಲೆ ಎರಡನೆಯವಳು ಒಬ್ಬಳಿದಾಳೆ ಅಂತ ನೆನಪಾಗ್ತಿತ್ತು ಅವರಿಗೆ!"

ಗೊತ್ತಿಲ್ಲದೆ ಏನು? ಮದುವೆಯಾದ ಹೊಸತರಲ್ಲಿ ಕೇಳಿದ್ದು, ನಡುವೆ ಕೇಳಿದ್ದು, ಮೊನ್ನೆ ಕೇಳಿದ್ದು. ಪ್ರತಿಸಲ ಹೆಂಡತಿ ನಗುತ್ತಲೇ ಶುರುಮಾಡುತ್ತಿದ್ದರು, ಪ್ರತಿಸಲ ಕೊನೆಯಲ್ಲಿ ಮೂಗೊರೆಸಿಕೊಳ್ಳುತ್ತಿದ್ದರು. ಡಾಕ್ಟರಿಗೆ ಸಮಾಧಾನ ಹೇಳಲು ಬಾರದು. ಬರುವುದೆಲ್ಲ ಉಪದೇಶ. "ಒಳ್ಳೇದೇ ಆಯ್ತಲ್ಲ, ಪೆಪ್ಪರ್‌ಮಿಂಟ್ ತಿಂದ್ರೆ ಹಲ್ಲು ಹುಳುಕಾಗುತ್ತೆ" ಎಂದರು. ಆ ಮನೆಯಲ್ಲಿ ಪೆಪ್ಪರ್‌ಮಿಂಟಿಗೆ ಪ್ರವೇಶವೇ ಇರಲಿಲ್ಲ. ಅತ್ತೆಯ ಕೈಚೀಲವನ್ನು ಡಾಕ್ಟರು ತಪಾಸಣೆ ಮಾಡುತ್ತಿರಲಿಲ್ಲ ಎನ್ನುವುದೊಂದೇ ರಿಯಾಯಿತಿ.

ಹೆಂಡತಿ ಸ್ಪ್ಯಾನರ್ ಕೈಗಿಟ್ಟರು. ಶಸ್ತ್ರಕ್ರಿಯೆ ಆರಂಭವಾಯಿತು!

ಮುಚ್ಚಳ ಬಿಚ್ಚಿದರು. ನಾಲ್ಕು ದಪ್ಪ ವೈರುಗಳನ್ನು ಕಿತ್ತರು. ಬೋಲ್ಟು ಸಡಿಲಿಸಿದರು. ಡಿಸ್ಟ್ರಿಬ್ಯೂಟರಿನ ಕುತ್ತಿಗೆ ಹಿಡಿದು ಅತ್ತ ಅಲ್ಲಾಡಿಸಿ, ಇತ್ತ ತಿರುಚಿ, "ಸ್ವಲ್ಪ ತಡಕೋಪ್ಪಾ, ಆಯ್ತು, ಆಯ್ತು" ಎಂದು ಇಂಜಿನ್ನಿಗೆ ಧೈರ್ಯ ಹೇಳಿ, ಒಂದೇ ಎಳೆತಕ್ಕೆ ಕಿತ್ತು ತಟ್ಟೆಗೆ ಠಣ್ಣನೆ ಹಾಕಿದರು. ಕಾರಿಗೆ ಬಾಯಿ ಮುಕ್ಕಳಿಸಲು ಹೇಳುವುದೊಂದು ಬಾಕಿ.

"ಭಲೇ ಡಾಕ್ಟ್ರೇ!" ಎಂದು ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ಟೈಲರ್ ಕೂಗಿದ. ಊದಿದ ಕೆನ್ನೆಗೆ ಮಫ್ಲರ್ ಕಟ್ಟಿಕೊಂಡಿದ್ದ. ಮರುದಿನ ಅವನ ದವಡೆ ಹಲ್ಲಿನ ಸರದಿ. ತನ್ನ ಹಲ್ಲು ಎಂಥ ಕೈಗೆ ಸಿಕ್ಕಲಿದೆ ಎಂದು ನೋಡಿಕೊಳ್ಳಲು ಬಂದು ನಿಂತಿದ್ದ.

"ರೀ, ಒಳಗೆ ಗಡಿಯಾರದ ಮುಳ್ಳಿನ ಹಾಗೆ ತಿರುಗೋ ಆ ಮುಳ್ಳು ಯಾವ ಕಡೆ ಮುಖ ಮಾಡಿತ್ತು, ನೋಡ್ಕೊಂಡ್ರಾ?" ಹೆಂಡತಿ ಕೇಳಿದರು.

"ಕಿತ್ತ ಹಲ್ಲು ಯಾವ ಕಡೆ ಮುಖ ಮಾಡಿತ್ತು ಅಂತ ಯಾರಾದ್ರೂ ನೋಡ್ತಾರೇನೇ?"

"ಕಿತ್ತ ಹಲ್ಲನ್ನ ಯಾರೂ ವಾಪಸ್ ಕೂರಿಸಲ್ಲ. ಇದನ್ನ ಕೂರಿಸ್ಬೇಕು!"

ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. ಹೌದಲ್ಲ! ಇಷ್ಟು ವರ್ಷದ ವೃತ್ತಿಯಲ್ಲಿ ಕಿತ್ತದ್ದನ್ನು ಅದೇ ಜಾಗಕ್ಕೆ ಅದೇ ದಿಕ್ಕಿಗೆ ಕೂರಿಸುವ ಪ್ರಸಂಗ ಅವರಿಗೆ ಬಂದೇ ಇರಲಿಲ್ಲ. ಆದರೆ ಟೈಲರ್ ನೋಡುತ್ತಿದ್ದಾನೆ. ಹೊಸ ಡಿಸ್ಟ್ರಿಬ್ಯೂಟರನ್ನು ಅಂದಾಜಿನ ಮೇಲೆ ತೂತಿಗೆ ತುರುಕಿ ಬೋಲ್ಟು ಬಿಗಿದರು. ವೈರುಗಳ ವಿಷಯದಲ್ಲಿ ಮಾತ್ರ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಲ್ಲಿನ ಡಾಕ್ಟರುಗಳು ಬಾಯನ್ನು ನಾಲ್ಕು ಭಾಗ ಮಾಡಿ ಎಣಿಸುತ್ತಾರೆ. ಮೇಲಿನ ಬಲ ಒಂದು, ಮೇಲಿನ ಎಡ ಎರಡು, ಕೆಳಗಿನ ಎಡ ಮೂರು, ಕೆಳಗಿನ ಬಲ ನಾಲ್ಕು. ಒಂದು ಸುತ್ತು, ಲೆಕ್ಕ ಮುಗಿಯಿತು. ಮುಚ್ಚಳದ ಸುತ್ತಲೂ ಹಾಗೆಯೇ ಒಂದು, ಎರಡು, ಮೂರು, ನಾಲ್ಕು ಎಂದು ವೈರು ಸಿಕ್ಕಿಸಿದರು. ಚಾಲಕನ ಆಸನವನ್ನು ಅಲಂಕರಿಸಿ ಕೀಲಿ ತಿರುಗಿಸಿದರು.

ಢಮಾರ್!

ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ಶೆಡ್ಡಿನ ತಗಡು ಗಡಗಡ ನಡುಗಿತು. ಗೋಡೆಯ ಮೇಲಿದ್ದ ಟೈಲರನ ತಲೆ ಮಾಯವಾಯಿತು. ಹಜಾರದಲ್ಲಿ ಕೂತಿದ್ದ ಅತ್ತೆ ಎದೆ ಹಿಡಿದುಕೊಂಡು, "ಏನಾಯ್ತು ಅಳಿಯಂದಿರೇ?" ಎಂದರು.

"ಏನಿಲ್ಲ ಅತ್ತೆ, ಗಂಟಲು ಸರಿ ಮಾಡ್ಕೊಳ್ತಿದೆ!"

ಫೋನಿನಲ್ಲಿ ಮೆಕ್ಯಾನಿಕ್ ಸಿಕ್ಕಿದ. ಹಿಂದೆ ಮದುವೆಯ ವಾಲಗ. "ಸಾರ್, ಒಂದ್ನೇ ಪ್ಲಗ್ ಬಿಚ್ಚಿ! ತೂತಿಗೆ ಹೆಬ್ಬೆರಳಿಡಿ! ಮುಂದ್ಗಡೆಯಿಂದ ಹ್ಯಾಂಡಲ್ ಹಾಕಿ ತಿರುಗ್ಸಿ! ಗಾಳಿ ಬೆರಳನ್ನ ನೂಕುತ್ತಲ್ಲ, ಅಲ್ಲಿ ನಿಲ್ಸಿ, ಮುಳ್ಳನ್ನ ಒಂದ್ನೇ ವೈರಿನ ಕಡೆಗೆ ಕೂರಿಸಿ! ಇನ್ನು ವೈರು ಮಾತ್ರ ಸಾರ್, ಯಾವ್ದೇ ಕಾರಣಕ್ಕೂ..." ವಾಲಗದವರು ಜೋರು ಮಾಡಿದರು. ಫೋನು ಸತ್ತುಹೋಯಿತು.

"ಯಾವ ಕಾರಣಕ್ಕೂ ಏನಂತೆ?" ಎಂದರು ಹೆಂಡತಿ.

"ಯಾವ ಕಾರಣಕ್ಕೂ ಮುಟ್ಟಬೇಡಿ ಅಂತಿರ್ಬೇಕು. ವೈರು ಸರಿಯಾಗೇ ಇದೆ."

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹ್ಯಾಂಡಲ್ ಹಿಡಿದರು. ಡಾಕ್ಟರು ತೂತಿಗೆ ಹೆಬ್ಬೆರಳಿಟ್ಟರು. ಕಚ್ಚುವ ರೋಗಿಗಳಿಂದ ಪೆಟ್ಟು ತಿಂದ ಬೆರಳು ಅದು, ತಂತಾನೇ ಹಿಂದೆ ಸರಿಯುತ್ತಿತ್ತು.

"ಬೆರಳು ತೆಗೀಬೇಡ್ರೀ!"

"ಕಚ್ಚಿದ್ರೆ?"

"ಕಾರಿಗೆಲ್ಲಿದೆ ಹಲ್ಲು!"

ಪುಸ್ ಎಂದು ಗಾಳಿ ಬೆರಳನ್ನು ನೂಕಿತು. "ಉಸಿರಾಡ್ತು ಕಣೇ! ಬದುಕಿದೆ!" ಎಂದು ಡಾಕ್ಟರು ಕುಣಿದರು. ಮುಳ್ಳನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಕೂರಿಸಿ, ಬಿಚ್ಚಿದ ಪ್ಲಗ್ಗನ್ನು ಮತ್ತೆ ಬಿಗಿದು, ಹೆಂಡತಿಯನ್ನು ಕೀಲಿ ತಿರುಗಿಸಲು ಕಳಿಸಿ, ತಾವು ಇಂಜಿನ್ನಿನ ಮೇಲೆ ಬಗ್ಗಿ ಕಿವಿಗೊಟ್ಟರು.

ಟಪ್... ಫಟ್... ಭುಸ್! ಇಂಜಿನ್ ಕೆಮ್ಮಿ, ಬಾಯಲ್ಲಿದ್ದ ಮಸಿಯನ್ನೆಲ್ಲ ಡಾಕ್ಟರ ಮುಖಕ್ಕೆ ಉಗುಳಿ, ಸುಮ್ಮನಾಯಿತು. ಬಿಳಿ ಕೋಟು ವಕೀಲರ ಕೋಟಾಯಿತು. ಕಪ್ಪು ಮುಖದಲ್ಲಿ ಬಿಳಿಯಾಗಿ ಉಳಿದದ್ದು ಹಲ್ಲುಗಳು ಮಾತ್ರ. ಅವು ಎಂದೂ ಅಷ್ಟು ಚೆನ್ನಾಗಿ ಹೊಳೆದಿರಲಿಲ್ಲ.

ಗೋಡೆಯ ಮೇಲೆ ಟೈಲರನ ಕಣ್ಣುಗಳೆರಡು ಮೂಡಿದವು. "ಡಾಕ್ಟ್ರೇ, ಒಂದು ಆಶ್ಚರ್ಯ! ನನ್ನ ಹಲ್ಲುನೋವು ಪೂರ್ತಿ ನಿಂತೋಯ್ತು! ನಾಳೆ ನಾನು ಬರಲ್ಲ!"

ಬಿಸಿಲು ಗೋಡೆಯ ಮೇಲಿಂದ ಇಳಿಯುತ್ತಿತ್ತು. ಅತ್ತೆ ನೀಲಿ ಅಂಚಿನ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಮೆಟ್ಟಿಲ ಮೇಲೆ ಯಾವಾಗಿನಿಂದಲೋ ಕಾಯುತ್ತಿದ್ದರು. ಅಳಿಯನ ಮುಖ ನೋಡಿ ನಗಲಿಲ್ಲ. "ಬಿಡಿ ಅಳಿಯಂದಿರೇ, ಪಾಪ, ಎಷ್ಟು ಒದ್ದಾಡಿದ್ರಿ. ಬರೋ ವರ್ಷ ಹೋದ್ರಾಯ್ತು" ಎಂದು ಬಗ್ಗಿ ಒಂದು ಚಪ್ಪಲಿ ಕಳಚಿದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕಳಚಿದ ಚಪ್ಪಲಿಯನ್ನು ನೋಡಿ ಡಾಕ್ಟರಿಗೆ ನಿಜಕ್ಕೂ ಅಳು ಬಂತು. ಜಂಬವೆಲ್ಲ ಇಳಿದುಹೋಗಿ, ಅತ್ತೆಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಸಿದರು. "ಎಲ್ಲಾ ಸರಿಯಾಗೇ ಇದೆ ಅತ್ತೆ. ವೈರು ಕೂಡ ವರಸೆಯಾಗಿ ಒಂದು, ಎರಡು, ಮೂರು, ನಾಲ್ಕು ಅಂತಾನೇ ಹಾಕಿದೀನಿ."

ಅತ್ತೆ ಇನ್ನೊಂದು ಚಪ್ಪಲಿಗೆ ಹಾಕಿದ ಕೈಯನ್ನು ಹಿಂದಕ್ಕೆ ತೆಗೆದರು. "ಹಾಗಲ್ವಲ್ಲ ಅವರು ಹಾಕ್ತಿದ್ದದ್ದು."

"ಮತ್ತೆ ಹೇಗೆ?"

"ನಾನು ಲಾಟೀನು ಹಿಡ್ಕೊಂಡು ನಿಂತಿರ್ತಿದ್ದೆ. ಒಂದೊಂದು ವೈರು ಸಿಕ್ಕಿಸುವಾಗ್ಲೂ ಮಕ್ಕಳನ್ನ ಕರೆದ ಹಾಗೆ ಕರೀತಿದ್ರು. 'ದೊಡ್ಡೋಳು ಬಾ. ಮೂರ್ನೆಯೋಳು ಬಾ. ಪುಟ್ಟಿ ಬಾ. ಎರಡ್ನೆಯೋಳೇ, ಈಗ ನೀನು ಬಾ.' ಯಾಕ್ರೀ ಹಿಂಗೆ ಅಂದ್ರೆ, ಈ ಇಂಜಿನ್ನು ಬೆಂಕಿ ಹಚ್ಕೊಳ್ಳೋದೇ ಈ ವರಸೇಲಿ ಕಣೇ, ಮರೀಬಾರ್ದು ಅಂತ ಮಕ್ಕಳ ಮೇಲೆ ಬಾಯಿಪಾಠ ಮಾಡ್ಕೊಂಡಿದೀನಿ ಅಂತಿದ್ರು."

ಒಂದು, ಮೂರು, ನಾಲ್ಕು, ಎರಡು! ಡಾಕ್ಟರು ಛಂಗನೆ ಎದ್ದು ಓಡಿ ನಾಲ್ಕು ವೈರುಗಳನ್ನೂ ಮುಚ್ಚಳದಿಂದ ಮತ್ತೆ ಕಿತ್ತರು. ಹೆಂಡತಿ ಮಾತ್ರ ಹ್ಯಾಂಡಲ್ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು.

"ಅಮ್ಮಾ, ಹಂಗಾದ್ರೆ ಪೆಪ್ಪರ್‌ಮಿಂಟು?"

"ಯಾವ ಪೆಪ್ಪರ್‌ಮಿಂಟು?"

"ಅಪ್ಪ ಹಂಚ್ತಿದ್ದದ್ದು! ನಾನು ಯಾವಾಗ್ಲೂ ಕೊನೆ!"

"ಅಯ್ಯೋ ಹುಚ್ಚಿ, ಅದನ್ನ ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದೀಯಾ? ದಿನಾ ಪಾಠ ಒಪ್ಪಿಸ್ತಿದ್ರು ಕಣೇ ಅವರು! ಕೊನೇ ಪೆಪ್ಪರ್‌ಮಿಂಟ್ ನಿನ್ನ ಕೈಗಿಟ್ಟು ಏನಂತಿದ್ರು ಗೊತ್ತಾ? ಇವಳು ಹೊತ್ತಿಕೊಂಡ್ರೇನೇ ಸುತ್ತು ಪೂರ್ತಿ ಆಗೋದು, ಇವಳಿಲ್ದೆ ಗಾಡಿ ಮುಂದಕ್ಕೇ ಹೋಗಲ್ಲ ಅಂತಿದ್ರು. ನೀನೋ, ಮುಖ ಊದಿಸ್ಕೊಂಡು ಓಡಿಹೋಗ್ತಿದ್ದೆ. ಎಲ್ಲಿ ಕೇಳಿಸ್ಕೋತೀಯಾ!"

ಹೆಂಡತಿ ಹ್ಯಾಂಡಲ್ ಕೆಳಗಿಟ್ಟು, ಗಂಡನ ಕೈಯಿಂದ ವೈರುಗಳನ್ನು ಕಿತ್ತುಕೊಂಡರು. ತಾವೇ ಬಗ್ಗಿ ದೊಡ್ಡಕ್ಕನನ್ನು ಸಿಕ್ಕಿಸಿದರು, ಮೂರನೆಯವಳನ್ನು ಸಿಕ್ಕಿಸಿದರು, ಪುಟ್ಟಿಯನ್ನು ಸಿಕ್ಕಿಸಿದರು. ಎರಡನೆಯ ವೈರನ್ನು ಒಂದಿಷ್ಟು ಹೊತ್ತು ಕೈಯಲ್ಲೇ ಹಿಡಿದಿದ್ದು, ಮೂಗೊರೆಸಿಕೊಂಡು, ಟಕ್ ಎಂದು ಕೂರಿಸಿದರು. ಡಾಕ್ಟರು ಕೀಲಿ ತಿರುಗಿಸಿದರು.

ಢಮಾರ್ ಇಲ್ಲ, ಫಟ್ ಇಲ್ಲ. ಇಂಜಿನ್ ಒಂದು ಸಲ ಮೈ ಕೊಡವಿ, ಗುರ್ ಎಂದು ಹದವಾಗಿ ಓಡತೊಡಗಿತು. ಹೆಂಡತಿ ಬಾನೆಟ್ ಮೇಲೆ ಎರಡೂ ಕೈ ಊರಿ ಅತ್ತರು, ಅಳುತ್ತಲೇ ನಕ್ಕರು. ಅತ್ತೆ ಕಳಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿದರು.

ಕೆರೆಯ ಏರಿ ತಲುಪಿದಾಗ ಸೂರ್ಯ ನೀರಿಗೆ ಇನ್ನೇನು ತಾಗುವಂತಿದ್ದ. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಿಂದ ಕೈಚೀಲ ತೆರೆದ ಸದ್ದು, ಕಾಗದ ಬಿಚ್ಚಿದ ಸದ್ದು. ಡಾಕ್ಟರ ಮೂಗಿಗೆ ನಿಷಿದ್ಧ ಪದಾರ್ಥದ ವಾಸನೆ ಬಡಿಯಿತು. ಆದರೆ ಈ ದಿನ ಉಪದೇಶ ಮಾಡುವ ಮುಖ ಅವರಿಗೆ ಉಳಿದಿರಲಿಲ್ಲ. ಉಳಿದದ್ದೆಲ್ಲ ಮಸಿ.

"ಇವತ್ತು ಎರಡನೆಯವಳಿಗೇ ಮೊದಲು" ಎಂದು ಅತ್ತೆ ಮಗಳ ಕೈಗೆ ಒಂದು ಪೆಪ್ಪರ್‌ಮಿಂಟ್ ಇಟ್ಟರು. ಒಂದನ್ನು ಸ್ಟೀರಿಂಗಿನ ಮುಂದೆ, ಮಾವನವರು ಕನ್ನಡಕ ಇಡುತ್ತಿದ್ದ ಜಾಗದಲ್ಲಿ ಇರಿಸಿದರು. ಒಂದನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಇನ್ನು ಬಾಕಿ ಇದ್ದವರು ಒಬ್ಬರೇ. ಡಾಕ್ಟರು ನಾಚಿಕೆ ಬಿಟ್ಟು ಕಪ್ಪು ಅಂಗೈಯನ್ನು ಹಿಂದಕ್ಕೆ ಚಾಚಿದರು.

ಅತ್ತೆ ಕೈಚೀಲದ ಬಾಯಿ ಮುಚ್ಚಿದರು.

"ನಿಮಗೆ ಬೇಡ ಅಳಿಯಂದಿರೇ. ಹಲ್ಲು ಹುಳುಕಾದ್ರೆ ಕೀಳಬೇಕಾಗುತ್ತೆ. ಕಿತ್ತದ್ದನ್ನ ಮತ್ತೆ ಕೂರಿಸೋಕೆ ನಿಮಗೆ ಬರಲ್ವಲ್ಲ!"