ಬೆನ್ನಿನ ಸಾಕ್ಷಿ

ಅಂದು ಬೆಳಿಗ್ಗೆ ಎದ್ದದ್ದು ತಡವಾಗದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ತಂತಿಯ ಮೇಲೆ ಒಣಗುತ್ತಿದ್ದ ಬನಿಯನ್ನನ್ನು ಬೆನ್ನಪ್ಪ ಒಂದೇ ಏಟಿಗೆ ಎಳೆದ. ಕ್ಲಿಪ್ಪುಗಳು ಚಟಪಟ ಹಾರಿದವು. ಓಡುತ್ತಲೇ ಅದನ್ನು ತೊಟ್ಟು, ಮೇಲೊಂದು ಅಂಗಿ ಏರಿಸಿಕೊಂಡು ಕಾರ್ಖಾನೆ ಸೇರಿದ.

ಬೆನ್ನಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಾಸಿಗೆ ಕಾರ್ಖಾನೆಯಲ್ಲಿ ಹೊಲಿದು ಮುಗಿದ ಹಾಸಿಗೆಗಳ ಮೇಲೆ ಮಲಗಿ, ಎಲ್ಲಿ ಗಂಟಿದೆ, ಎಲ್ಲಿ ತಗ್ಗಿದೆ ಎಂದು ಹೇಳುವುದು ಅವನ ಕೆಲಸ. ಮಲಗಿಕೊಂಡೇ ಸಂಬಳ ಎಣಿಸುವವನನ್ನು ಕಂಡರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಜೊತೆಯವರು ಆ ಉರಿಗೆ ಕೊಟ್ಟ ಹೆಸರದು.

ಮೊದಲ ಹಾಸಿಗೆಯ ಮೇಲೆ ಒರಗಿದ್ದೇ ತಡ, ಬೆನ್ನಿಗೆ ಏನೋ ಚುಚ್ಚಿತು. ಎರಡನೆಯದೂ ಚುಚ್ಚಿತು. ಮೂರನೆಯದೂ ಬಿಡಲಿಲ್ಲ.

"ಯಜಮಾನ್ರೇ, ಇವತ್ತಿನ ಹಾಸಿಗೆ ಯಾವುದೂ ಸರಿಯಿಲ್ಲ. ಒಳಗೆ ಏನೋ ಸೇರ್ಕೊಂಡಿದೆ."

ಅಷ್ಟೂ ಹಾಸಿಗೆ ಸಂಜೆಯೊಳಗೆ ಲಾರಿ ಹತ್ತಬೇಕಿತ್ತು. ಯಜಮಾನರ ಮುಖ ಕೆಂಪಾಯಿತು.

"ನಿನಗೆ ಅನ್ಸಿಬಿಟ್ರೆ ಸಾಕಾ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಪುರಾವೆ ತೋರಿಸು. ಇಲ್ಲಾಂದ್ರೆ ನಾಳೆಯಿಂದ ಮನೇಲೇ ಮಲಗು."

ಹೊಲಿಗೆ ವಿಭಾಗದ ದೊಡ್ಡಕ್ಕ ಸೂಜಿ ಹಿಡಿದುಕೊಂಡೇ ಬಂದಳು. "ನಾನು ಹೊಲಿದ ಹಾಸಿಗೆ ಚುಚ್ಚುತ್ತಂತಾ?"

"ನೀವೇ ಮಲಗಿ ನೋಡಿ ಅಕ್ಕ. ಸೊಂಟಕ್ಕಿಂತ ಒಂದು ಗೇಣು ಮೇಲೆ, ಎಡಗಡೆ."

ಮೊದಲು ಗುಮಾಸ್ತ ಮಲಗಿದ. "ಏನೂ ಇಲ್ವಲ್ಲ" ಎಂದವನು, "ಇನ್ನೂ ಸ್ವಲ್ಪ ಎಡಕ್ಕೆ" ಎಂದು ಬೆನ್ನಪ್ಪ ಹೇಳಿದ ಮೇಲೆ ಹುಬ್ಬು ಗಂಟಿಕ್ಕಿ, "ಹೌದು ಕಣಯ್ಯ, ಏನೋ ಇದೆ" ಎಂದ. ಲಾರಿ ಡ್ರೈವರನಿಗೆ ಅದು ಮೊಳೆಯ ಹಾಗೆ ಚುಚ್ಚಿತು. ಏನೂ ಇಲ್ಲವೆಂದು ಸಾಧಿಸಲಿಕ್ಕೇ ಮಲಗಿದ ದೊಡ್ಡಕ್ಕ ಎದ್ದಾಗ ಮುಖ ಇಳಿದುಹೋಗಿತ್ತು. "ತಪ್ಪು ಹೊಲಿಗೇದಲ್ಲ, ಹತ್ತೀದು" ಎಂದಳು. ಕೊನೆಗೆ ಯಜಮಾನರೂ ಮಲಗಿದರು. ಆಳುಗಳಿಗೆಲ್ಲ ಚುಚ್ಚಿದ್ದು ಯಜಮಾನನಿಗೆ ಚುಚ್ಚದಿದ್ದರೆ ಮರ್ಯಾದೆ ಉಳಿಯುತ್ತದೆಯೇ? ಅವರಿಗೆ ಎರಡು ಕಡೆ ಚುಚ್ಚಿತು.

ಹಾಸಿಗೆಯ ಹೊಟ್ಟೆ ಸೀಳಿದರು. ಹತ್ತಿ ಬಿಟ್ಟರೆ ಏನೂ ಇಲ್ಲ. ಇನ್ನೊಂದನ್ನು ಸೀಳಿದರು. ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ತಲೆಯ ಮೇಲೂ ಹತ್ತಿ ಕೂತು, ಕಾರ್ಖಾನೆಗೆ ಕಾರ್ಖಾನೆಯೇ ಮುದಿಯಾದಂತೆ ಕಾಣುತ್ತಿತ್ತು.

"ದೊಡ್ಡಕ್ಕ, ಹೊಲಿಯೋವಾಗ ಒಳಗೆ ಏನು ಬಿದ್ದಿತ್ತು ಅಂತ ಸಂಜೆಯೊಳಗೆ ಹೇಳ್ಬೇಕು. ಇಲ್ಲಾ, ನಾಳೆ ಬರೋದು ಬೇಡ" ಎಂದರು ಯಜಮಾನರು.

ಬೆವರಿ ತೊಪ್ಪೆಯಾಗಿದ್ದ ಬೆನ್ನಪ್ಪ ಬಚ್ಚಲಿಗೆ ಹೋಗಿ ಬನಿಯನ್ ಬಿಚ್ಚಿದ. ಅದರ ಬೆನ್ನನ್ನು ಕಚ್ಚಿಕೊಂಡು ಬಟ್ಟೆ ಒಣಹಾಕುವ ಕ್ಲಿಪ್ಪೊಂದು ಕೂತಿತ್ತು.

ಮೊದಲು ಅದನ್ನು ಕಿಟಕಿಯಿಂದಾಚೆ ಎಸೆಯಲು ಕೈ ಎತ್ತಿದ. ಅಷ್ಟರಲ್ಲಿ ಹೊರಗೆ ದೊಡ್ಡಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು ಕಂಡು ಕೈ ಇಳಿಸಿ, ಕ್ಲಿಪ್ಪು ಹಿಡಿದುಕೊಂಡು ಯಜಮಾನರ ಬಳಿಗೆ ನಡೆದ.

"ಯಜಮಾನ್ರೇ, ಪುರಾವೆ ಸಿಕ್ತು. ಚುಚ್ಚಿದ್ದು ಹಾಸಿಗೆ ಅಲ್ಲ, ಇದು. ನನ್ನ ಬನಿಯನ್ನಿಗೇ ಅಂಟಿಕೊಂಡಿತ್ತು."

ಯಜಮಾನರು ಕ್ಲಿಪ್ಪನ್ನು ತಿರುಗಿಸಿ ಮುರುಗಿಸಿ ನೋಡಿದರು. "ಸರಿ, ನಿನಗೆ ಇದು ಚುಚ್ಚಿತು. ನನಗೆ ಚುಚ್ಚಿದ್ದು ಯಾವುದು?"

"ನಿಮಗೆ ಚುಚ್ಚೇ ಇಲ್ಲ ಯಜಮಾನ್ರೇ. ಹಾಗನ್ಸಿದೆ ಅಷ್ಟೆ."

ತಲೆಯ ಹತ್ತಿ ಕೊಡವುತ್ತಿದ್ದವರೆಲ್ಲ ಸುತ್ತ ಸೇರಿದರು.

"ನಮ್ಮ ಬೆನ್ನಿನ ಸುದ್ದಿ ನಮಗಿಂತ ಇವನಿಗೇ ಚೆನ್ನಾಗಿ ಗೊತ್ತು ನೋಡಿ" ಎಂದು ಮೊದಲು ತಿರುಗಿಬಿದ್ದವಳು ದೊಡ್ಡಕ್ಕನೇ.

"ಕ್ಲಿಪ್ಪು ಯಾವುದು, ಹಾಸಿಗೆ ಯಾವುದು ಅಂತ ತಿಳಿಯದ ಬೆನ್ನು ನನಗೆ ಬೇಡ" ಎಂದು ಯಜಮಾನರು ತೀರ್ಪು ಕೊಟ್ಟರು. "ಇನ್ಮೇಲೆ ಗುಮಾಸ್ತರು ಮಲಗಲಿ. ನೀನು ದೊಡ್ಡಕ್ಕನ ಕೈಕೆಳಗೆ ಕೂತು ಸೀಳಿದ್ದನ್ನೆಲ್ಲ ಹೊಲಿ."

ಸಂಜೆ ಹತ್ತಿಯ ರಾಶಿಯಲ್ಲಿ ಹೂತುಕೊಂಡು ಹೊಲಿಯುತ್ತಿದ್ದ ಬೆನ್ನಪ್ಪನ ಹೆಬ್ಬೆರಳಿಗೆ ದಬ್ಬಳ ಕಚಕ್ಕನೆ ನಾಟಿತು. ರಕ್ತ ಚಿಮ್ಮಿತು.

"ಅಯ್ಯೋ, ಚುಚ್ತು" ಎಂದು ನರಳಿದ.

ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದ್ದ ಗುಮಾಸ್ತ ಕಣ್ಣು ತೆರೆಯದೆಯೇ ಹೇಳಿದ: "ಚುಚ್ಚಿಲ್ಲ ಕಣಯ್ಯ. ನಿನಗೆ ಹಾಗನ್ಸಿದೆ ಅಷ್ಟೆ."