ತಾವು ಕೋಟಿನೊಳಗೆ ಬೆವರಿದ್ದರ ಕುರಿತು

ಇವರಿಗೆ,
ಶ್ರೀಮಾನ್ ಪೆಟ್ಟಿಗೆ ಫ್ರೀಜರಿನವರು,
ಹೊಲಿಗೆ ಯಂತ್ರದ ಎದುರುಗಡೆ,
ನಮ್ಮ ಮನೆಯ ಹಿಂದಿನ ಕೋಣೆ.

ವಿಷಯ: ತಮ್ಮ ಹೊಟ್ಟೆಯಲ್ಲಿ ನಂಬಿ ಇರಿಸಿದ ಎರಡು ಪೀಪಾಯಿ ಬಿಯರನ್ನು ತಾವು ಬೆಚ್ಚಗೆ ಕಾಪಾಡಿದ ಬಗ್ಗೆ ಕೃತಜ್ಞತಾಪೂರ್ವಕ ದೂರು.

ಮಾನ್ಯರೇ,

ಮುಚ್ಚಳ, ಮೋಟರು, ಗೋಡೆಗೆ ಚುಚ್ಚಿದ ವೈರು ಸಮೇತ ತಾವು ಕ್ಷೇಮವಾಗಿದ್ದೀರೆಂದು ನಂಬಿ, ನಾನೂ ತಕ್ಕಮಟ್ಟಿಗೆ ಕ್ಷೇಮವೆಂದು ತಿಳಿಸುತ್ತಾ, ಅತ್ಯಂತ ವಿನಯದಿಂದ ಈ ಪತ್ರ ಬರೆಯಲು ಕುಳಿತಿದ್ದೇನೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಇಬ್ಬರೂ ಇರುವಾಗ ಪತ್ರವೇಕೆ, ಅದೂ ಬಹಿರಂಗ ಪತ್ರವೇಕೆ ಎಂದು ತಾವು ಕೇಳಬಹುದು. ಬಾಯಿಮಾತಿನಲ್ಲಿ ನಾನು ಹೇಳಿದ್ದನ್ನೆಲ್ಲ ತಾವು ಗುಂಯ್ ಎನ್ನುವ ಒಂದೇ ಉತ್ತರದಲ್ಲಿ ತೇಲಿಸಿಬಿಟ್ಟಿದ್ದೀರಿ. ಗುಟ್ಟಾಗಿ ಬರೆಯೋಣವೆಂದರೆ, ನಡೆದದ್ದು ಈಗಾಗಲೇ ಹೆಂಡತಿಯ ತವರಿನವರಿಗೆಲ್ಲ ತಲುಪಿರುವುದರಿಂದ ಮುಚ್ಚಿಡಲು ಏನೂ ಉಳಿದಿಲ್ಲ.

ತಾವು ನಮ್ಮ ಮನೆಗೆ ದಯಮಾಡಿಸುವ ಮುಂಚಿನ ಸಂಗತಿಯನ್ನು ಮೊದಲು ತಮ್ಮ ಅವಗಾಹನೆಗೆ ತರುತ್ತೇನೆ. ನನಗೊಬ್ಬರು ಷಡ್ಡಕರಿದ್ದಾರೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕನ್ನಡಕದ ಅಂಗಡಿ ಇಟ್ಟುಕೊಂಡು ಚೆನ್ನಾಗಿ ಬಾಳುತ್ತಿರುವವರು. ಅವರು ತಮ್ಮ ಹಜಾರದಲ್ಲಿ ಬಿಯರ್ ಯಂತ್ರವೊಂದನ್ನು ತಂದು ನಿಲ್ಲಿಸಿ, ಅದನ್ನು ನೋಡಲೆಂದೇ ನಮ್ಮನ್ನು ಊಟಕ್ಕೆ ಕರೆದರು. ಹಿಡಿ ಎಳೆದರೆ ನಲ್ಲಿಯಿಂದ ತಣ್ಣನೆಯ ಬಿಯರ್, ಅದರ ಮೇಲೆ ಒಂದು ಬೆರಳಿನಷ್ಟು ನೊರೆ, ಲೋಟದ ಹೊರಮೈಯಲ್ಲಿ ಹನಿ. ಎರಡನೆಯ ಲೋಟಕ್ಕೆ ನನಗೆ ಧೈರ್ಯ ಬಂದು, ಮೂರನೆಯ ಲೋಟಕ್ಕೆ ಜ್ಞಾನವೂ ಬಂದು, ಇಂಥದ್ದಕ್ಕೆ ಯಾರಾದರೂ ಅಂಗಡಿಗೆ ಹೋಗುತ್ತಾರೆಯೇ, ಒಂದು ಹಳೆಯ ಫ್ರೀಜರ್ ಸಿಕ್ಕರೆ ನಾನೇ ಮಾಡಿಬಿಡುತ್ತೇನೆ ಎಂದುಬಿಟ್ಟೆ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ನನ್ನದು ಪರರ ನಲ್ಲಿಯ ಮುಂದೆ ಹೊರಬಿತ್ತು.

ಷಡ್ಡಕರ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ನಕ್ಕರು. ತಮ್ಮ ಮನೆಯ ಕಿಟಕಿ ಪರದೆಗಳು ಹೊಲಿಗೆಗೆಂದು ಹಿಂದಿನ ಕೋಣೆಯ ನನ್ನ ದರ್ಜಿ ಅಂಗಡಿ ಸೇರಿ ಅಲ್ಲೇ ಮುದುಕರಾಗುತ್ತಿರುವುದನ್ನು ನೆನಪಿಸಿ, ಪರದೆ ಮುಗಿಸದವರು ಫ್ರೀಜರ್ ಮುಗಿಸುತ್ತಾರೆಯೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ, ನನ್ನೊಬ್ಬನಿಗೇ ಬಿಟ್ಟಿದ್ದರೆ ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಆದರೆ ತಟ್ಟೆ ತೆಗೆಯುತ್ತಿದ್ದ ನನ್ನ ಹೆಂಡತಿ ನಿಂತು, "ನಮ್ಮನೆಯವರು ಮಾಡ್ತೀನಿ ಅಂದ್ರೆ ಮಾಡ್ತಾರೆ ಅಕ್ಕ. ಮಾಡಿದ ಮೇಲೆ ನೀವೇ ಬಂದು ಕುಡೀರಿ," ಎಂದಳು. ಮಾನ್ಯರೇ, ಇದರ ತೂಕ ತಮಗೆ ತಿಳಿಯಬೇಕು. ನನ್ನ ಹೆಂಡತಿ ಹುಟ್ಟಿದಾಗಿನಿಂದ ತನ್ನ ಅಕ್ಕನೆದುರು ಸೋಲುತ್ತಲೇ ಬಂದವಳು. ಎತ್ತರದಲ್ಲಿ ಸೋತಳು, ಓದಿನಲ್ಲಿ ಸೋತಳು, ಮನೆಯ ಕೋಣೆಗಳ ಲೆಕ್ಕದಲ್ಲಿ ಸೋತಳು, ಗಂಡಂದಿರ ವಿಚಾರದಲ್ಲಿ ಏನಾಯಿತೆಂದು ನಾನು ಹೇಳಬೇಕಾಗಿಲ್ಲ. ಅಂಥವಳು ಮೊದಲ ಬಾರಿಗೆ ಅಕ್ಕನ ಮುಂದೆ ತಲೆಯೆತ್ತಿ ಪಣ ಒಡ್ಡಿದಳು, ಅದೂ ನನ್ನ ಮೇಲೆ. ನಾನು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟೆ.

ಆ ಮಾತಿನ ದೆಸೆಯಿಂದಲೇ ನಾನು ತಮ್ಮನ್ನು ಹುಡುಕಿಕೊಂಡು ಬಂದದ್ದು. ಬಾಗಿಲು ಮುಚ್ಚುತ್ತಿದ್ದ ಐಸ್‌ಕ್ರೀಮ್ ಅಂಗಡಿಯೊಂದರ ಮೂಲೆಯಲ್ಲಿ, ಮೈಮೇಲೆ ಅರ್ಧ ಹರಿದ ಐಸ್‌ಕ್ಯಾಂಡಿ ಚಿತ್ರ ಅಂಟಿಸಿಕೊಂಡು ನಿಂತಿದ್ದ ತಾವು, ಮುಚ್ಚಳ ಎತ್ತಿದ ಕೂಡಲೆ ನನ್ನ ಮುಖಕ್ಕೆ ವೆನಿಲ್ಲಾ ಪರಿಮಳದ ತಣ್ಣನೆಯ ಗಾಳಿ ಊದಿದಿರಿ. ಅದು ಸ್ವಾಗತವೆಂದು ನಾನು ಭಾವಿಸಿದೆ. ಎಚ್ಚರಿಕೆಯಾಗಿದ್ದರೆ ತಾವು ಇನ್ನಷ್ಟು ಸ್ಪಷ್ಟವಾಗಿ ಊದಬಹುದಿತ್ತು.

ತಮ್ಮನ್ನು ಬಿಯರ್ ಪೆಟ್ಟಿಗೆಯಾಗಿಸುವ ವಿಧಾನ ಬಲ್ಲವರ ಬಾಯಲ್ಲಿ ಬಹಳ ಸುಲಭ. ಪೀಪಾಯಿಗಳೂ ಅವುಗಳಿಂದ ಬಿಯರನ್ನು ಮೇಲಕ್ಕೆ ತಳ್ಳುವ ಗ್ಯಾಸಿನ ಸಣ್ಣ ಸಿಲಿಂಡರೂ ಒಳಗೆ ಕೂರಬೇಕು. ನಲ್ಲಿಗಳನ್ನು ಮಾತ್ರ ತಮ್ಮ ಮೈಗೆ ತೂತು ಕೊರೆದು ಕೂರಿಸಬಾರದು, ಏಕೆಂದರೆ ತಮ್ಮ ಚರ್ಮದ ಕೆಳಗೆ ಸುತ್ತಲೂ ಸಣ್ಣ ಕೊಳವೆಗಳು ಹರಿದಾಡುತ್ತವೆ. ಒಂದಕ್ಕೆ ಡ್ರಿಲ್ ತಾಗಿದರೂ ತಮ್ಮ ಪ್ರಾಣ ಹೋಗುತ್ತದೆ. ಆದ್ದರಿಂದ ತಮ್ಮ ಮೈಗೂ ಮುಚ್ಚಳಕ್ಕೂ ನಡುವೆ ಮರದ ಚೌಕಟ್ಟೊಂದನ್ನು ಕೂರಿಸಿ ನಲ್ಲಿಗಳನ್ನು ಅದಕ್ಕೆ ಜೋಡಿಸಬೇಕು. ಕೊಳವೆಗಳನ್ನು ಚುಚ್ಚಬಾರದೆಂಬುದನ್ನು ನಾನು ಭಕ್ತಿಯಿಂದ ಕೇಳಿಸಿಕೊಂಡೆ. ಅವು ಅಲ್ಲಿ ಯಾತಕ್ಕಿವೆ ಎಂದು ಕೇಳುವ ಬುದ್ಧಿ ಬರಲಿಲ್ಲ.

ಚೌಕಟ್ಟಿಗೆ ಅಳತೆ ತೆಗೆದವನು ನಾನು. ಜೀವಮಾನವಿಡೀ ಜನರ ಎದೆ, ಸೊಂಟ, ತೋಳುಗಳ ಅಳತೆ ತೆಗೆದ ಇದೇ ಟೇಪಿನಿಂದ, ತಮ್ಮ ಉದ್ದಗಲಗಳನ್ನು ಅಷ್ಟೇ ಗೌರವದಿಂದ ತೆಗೆದೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೊಯ್ದು, ಮೊಳೆ ಹೊಡೆದು, ಬಣ್ಣ ಬಳಿದು ತಮ್ಮ ಮೇಲೆ ಇಟ್ಟು ನೋಡಿದರೆ, ಅದು ಅಣ್ಣನ ಅಂಗಿ ತಮ್ಮ ತೊಟ್ಟಂತೆ ನಾಲ್ಕೂ ಕಡೆ ಒಂದೊಂದು ಹೆಬ್ಬೆರಳಿನಷ್ಟು ಹೊರಗೆ ಚಾಚಿಕೊಂಡಿತ್ತು. ನನ್ನ ತಲೆ ಅಳತೆಯನ್ನು ಸರಿಯಾಗಿಯೇ ಓದಿತ್ತು; ಕೈ ಮಾತ್ರ ತನ್ನ ಪಾಡಿಗೆ ತಾನು, ಬಟ್ಟೆಗೆ ಬಿಡುವ ಹಾಗೆ, ಪ್ರತಿ ಬದಿಗೂ ಹೊಲಿಗೆಯ ಒಳಮಡಿಕೆಗೆಂದು ಅಂಚು ಬಿಟ್ಟಿತ್ತು. ಬಟ್ಟೆಯಲ್ಲಿ ಹೆಚ್ಚಾದದ್ದನ್ನು ಒಳಗೆ ಮಡಚಬಹುದು, ಮರ ಮಡಚಿಕೊಳ್ಳುವುದಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ಕಲಿತ ಏಕೈಕ ದರ್ಜಿ ಬಹುಶಃ ನಾನೇ ಇರಬೇಕು.

ಬಿಚ್ಚಿ ಮತ್ತೆ ಕೊಯ್ಯಬಹುದಿತ್ತು, ನಿಜ. ಆದರೆ ಒಮ್ಮೆ ಮುಗಿದ ಉಡುಪಿಗೆ ಮತ್ತೆ ಕತ್ತರಿ ಹಾಕಿದರೆ ಟೈಲರನ ಮರ್ಯಾದೆ ಏನಾಗಬೇಕು? ಚೌಕಟ್ಟಿನ ಕೆಳಗಿನ ಸಂದಿಯಲ್ಲಿ ತಮ್ಮ ತಂಪು ಸೋರುತ್ತಿತ್ತು. ಅದನ್ನು ತಡೆಯಲು ನಾನು ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಹತ್ತಿ ತುಂಬಿದ ದಪ್ಪ ಪಟ್ಟಿಯೊಂದನ್ನು ಹೊಲಿದು ಸುತ್ತಲೂ ಬಿಗಿದೆ. ಸೋರುವುದು ನಿಂತಿತು. ಅಲ್ಲಿಗೆ ನಾನೂ ನಿಂತಿದ್ದರೆ ಈ ಪತ್ರ ಹುಟ್ಟುತ್ತಿರಲಿಲ್ಲ. ಕುತ್ತಿಗೆಗೆ ಮಾತ್ರ ಬಟ್ಟೆ ಸುತ್ತಿ ತಮ್ಮನ್ನು ನಿಲ್ಲಿಸಿದ್ದು ನನ್ನ ಕಣ್ಣಿಗೆ ಯಾಕೋ ಅರೆಬರೆಯಾಗಿ ಕಂಡಿತು. ಇಷ್ಟು ಬಟ್ಟೆಯೇ ಇಷ್ಟು ತಂಪು ಉಳಿಸಿದರೆ ಮೈತುಂಬ ಬಟ್ಟೆ ಎಷ್ಟು ಉಳಿಸೀತು ಎಂಬ ತರ್ಕವೂ ಹೊಳೆಯಿತು.

ಹೀಗೆ ತಮ್ಮ ಕೋಟು ಹುಟ್ಟಿತು. ಸೊಕ್ಕಿನಿಂದ ಹೇಳುತ್ತಿಲ್ಲ, ಆದರೆ ನಾನು ಇದುವರೆಗೆ ಹೊಲಿದದ್ದರಲ್ಲಿ ಅಷ್ಟು ಒಳ್ಳೆಯ ಉಡುಪು ಇನ್ನೊಂದಿಲ್ಲ. ಹೊರಗೆ ಕಡುನೀಲಿ ಉಣ್ಣೆ, ಒಳಗೆ ಹೊಳೆಯುವ ಅಸ್ತರು, ನಡುವೆ ಎರಡು ಪದರ ಹತ್ತಿ, ಮುಂದೆ ಸಾಲಾಗಿ ಹಿತ್ತಾಳೆ ಗುಂಡಿ, ಗುಂಡಿ ತೂರಲು ಕೈಯಲ್ಲೇ ಕಟ್ಟಿದ ಕಾಜಾ, ಲೋಟ ಒರೆಸುವ ಬಟ್ಟೆಗೊಂದು ಜೇಬು. ಬೇರೆ ಗಿರಾಕಿಗಳು ಒಮ್ಮೆ ತೊಟ್ಟು ನೋಡುವಾಗ ಕಂಕುಳ ಹಿಡಿಯುತ್ತದೆ, ಬೆನ್ನು ಎಳೆಯುತ್ತದೆ ಎಂದು ನೂರೆಂಟು ಹೇಳುತ್ತಾರೆ. ತಾವು ಚಕಾರ ಎತ್ತಲಿಲ್ಲ. ಬೀದಿಯವರೆಲ್ಲ ಬಂದು ನೋಡಿದರು. ಎದುರು ಮನೆಯ ಪೋಸ್ಟ್‌ಮ್ಯಾನ್ ಅಂಥದ್ದೇ ಒಂದು ತನಗೂ ಬೇಕೆಂದ. ಹೆಂಡತಿ ಎಲ್ಲರ ಮುಂದೆ ತಮ್ಮ ಗುಂಡಿಗಳನ್ನು ಒರೆಸಿ ಒರೆಸಿ ತೋರಿಸಿದಳು, ಅಕ್ಕನಿಗೆ ಫೋನ್ ಮಾಡಿ ಭಾನುವಾರ ಬರಲು ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಶನಿವಾರ ಪೀಪಾಯಿಗಳನ್ನು ಒಳಗೆ ಕೂರಿಸಿದಾಗಿನಿಂದ ತಾವು ಬಿಡುವಿಲ್ಲದೆ ಗುಂಯ್‌ಗುಡತೊಡಗಿದಿರಿ. ಅದು ತಮ್ಮ ಕರ್ತವ್ಯನಿಷ್ಠೆ ಎಂದುಕೊಂಡು ನಾನು ಕಣ್ಣೀರು ಹಾಕುವುದೊಂದು ಬಾಕಿ. ತಮ್ಮ ಹೊಟ್ಟೆಯೊಳಗಿನ ಉಷ್ಣತೆ ತೋರಿಸಲೆಂದು ಗೋಡೆಗೆ ತೂಗುಹಾಕಿದ್ದ ಡಬ್ಬಿಯಲ್ಲಿ ಅಂಕಿ ಇಳಿಯುವ ಬದಲು ಏರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಡಬ್ಬಿ ಕೆಟ್ಟಿದೆ ಎಂದು ತೀರ್ಮಾನಿಸಿ, ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

ಭಾನುವಾರ ಷಡ್ಡಕರೂ ಅತ್ತಿಗೆಯೂ ಬಂದರು. ತಮ್ಮನ್ನು ಕಂಡು ಷಡ್ಡಕರು ಒಂದು ಹೆಜ್ಜೆ ಹಿಂದೆ ಸರಿದು, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿದರು. ನಾನು ಹೊಸ ಲೋಟ ಹಿಡಿದು ಎಡಗಡೆಯ ನಲ್ಲಿಯ ಹಿಡಿ ಎಳೆದೆ. ನೊರೆ ಬಂತು. ಮೊದಮೊದಲು ಹಾಗೇ ಎಂದೆ. ಇನ್ನೊಂದು ಲೋಟ ಹಿಡಿದೆ, ನೊರೆ. ಬಲಗಡೆಯದನ್ನು ಎಳೆದೆ, ಇನ್ನೂ ಹೆಚ್ಚಿನ ಉತ್ಸಾಹದ ನೊರೆ. ಪಾತ್ರೆ, ಜಗ್ಗು, ಕೊನೆಗೆ ಬಟ್ಟೆ ನೆನೆಸುವ ಬಕೆಟ್ಟು, ಹಿಡಿದದ್ದೆಲ್ಲ ತುಂಬಿ ನೆಲಕ್ಕೂ ಹರಿಯಿತು. ಕುಡಿಯುವಂಥ ಬಿಯರ್ ಒಂದು ಗುಟುಕೂ ಬರಲಿಲ್ಲ. ಷಡ್ಡಕರು ಒಂದು ಲೋಟ ತೆಗೆದುಕೊಂಡು, ಮೀಸೆಗೆ ಹತ್ತಿದ್ದನ್ನು ಒರೆಸಿಕೊಂಡು, ಬಹಳ ಹಗುರವಾಗಿದೆ ಎಂದು ಮೆಚ್ಚಿದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಅಭ್ಯಾಸಬಲದಿಂದ ಅವರ ಕೈ ತಮ್ಮ ಕೋಟಿನ ಗುಂಡಿಯ ಸಂದಿಯಲ್ಲಿ ಒಳಗೆ ಹೋಯಿತು. ಕೊಂಚ ಹೊತ್ತು ಹಾಗೇ ಇಟ್ಟು ನೋಡಿ, "ಇದಕ್ಕೆ ಜ್ವರ ಬಂದಿದೆ ಕಣ್ರೀ," ಎಂದರು. ನಾನೂ ಮುಟ್ಟಿದೆ. ಇಸ್ತ್ರಿಪೆಟ್ಟಿಗೆ ಮುಟ್ಟಿದಂತಾಯಿತು. ಆಗ ಹೊಳೆಯಿತು: ಒಳಗಿನ ಬಿಸಿಯನ್ನು ತಾವು ಹೊರಗೆ ಹಾಕುವುದೇ ಆ ಚರ್ಮದ ಕೆಳಗಿನ ಕೊಳವೆಗಳಿಂದ, ಅವುಗಳ ಮೇಲೆಯೇ ನಾನು ಎರಡು ಪದರ ಹತ್ತಿ ಹೊದಿಸಿ ಗುಂಡಿ ಹಾಕಿದ್ದೆ. ತಂಪಾಗಿಡಲು ಹೋಗಿ ತಮ್ಮನ್ನು ಜೀವಂತ ಬೇಯಿಸುತ್ತಿದ್ದವನು ನಾನೇ, ಬೆಚ್ಚಗಾದ ಬಿಯರ್ ನೊರೆಯಾಗಿ ಹೊರಗೆ ಓಡಿಬಂದದ್ದೂ ಅದಕ್ಕೇ. ಅತ್ತಿಗೆ ತಂಗಿಯ ಕಡೆಗೆ ತಿರುಗಿ ಮುಗುಳ್ನಕ್ಕರು. ಆ ಮುಗುಳ್ನಗೆಯನ್ನು ನಾನು ಮದುವೆಯಾದಾಗಿನಿಂದ ನೋಡುತ್ತಾ ಬಂದಿದ್ದೇನೆ, ನನ್ನ ಹೆಂಡತಿ ಹುಟ್ಟಿದಾಗಿನಿಂದ ನೋಡಿದ್ದಾಳೆ.

ಮಾನ್ಯರೇ, ಮುಂದಿನದನ್ನು ತಾವೂ ಕಂಡಿರಿ. ಬಿಯರಿನ ವಾಸನೆಗೇ ಮೂಗು ಮುರಿಯುವ, ಅಂದಿನವರೆಗೆ ಒಂದು ತೊಟ್ಟೂ ನಾಲಿಗೆಗೆ ತಾಗಿಸದ ನನ್ನ ಹೆಂಡತಿ, ಅಕ್ಕನ ಪಕ್ಕದಲ್ಲಿದ್ದ ಲೋಟವನ್ನು ಎತ್ತಿಕೊಂಡಳು. ಬೆಚ್ಚಗಿನ ಆ ನೊರೆಯನ್ನು ಎಲ್ಲರೂ ನೋಡುತ್ತಿರುವಂತೆ, ಕಣ್ಣು ಮುಚ್ಚದೆ, ತಳ ಕಾಣುವವರೆಗೆ ಕುಡಿದಳು. ಮೂಗಿನ ತುದಿಗೆ ನೊರೆ ಹತ್ತಿಕೊಂಡಿತ್ತು. ಲೋಟವನ್ನು ನನ್ನ ಮುಂದೆ ಚಾಚಿ, "ಚೆನ್ನಾಗಿದೆ ರೀ. ಇನ್ನೊಂದು ಕೊಡಿ," ಎಂದಳು. ಅತ್ತಿಗೆಯ ಮುಗುಳ್ನಗೆ ಇಳಿಯಿತು. ನಾನು ಹಿಡಿ ಎಳೆದೆ. ಕಣ್ಣು ಮಂಜಾಗಿತ್ತು, ಅದಕ್ಕೆ ನೊರೆಯೇ ಕಾರಣವೆಂದು ಬೇಕಾದರೆ ತಾವು ಸಾಕ್ಷಿ ಹೇಳಬಹುದು. ಎರಡನೆಯದನ್ನೂ ಅವಳು ಬಿಡಲಿಲ್ಲ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ಇನ್ನು ಮುಂದೆ ತಮಗೆ ಸೆಕೆಯಾದರೆ ದಯವಿಟ್ಟು ಬಾಯಿಬಿಟ್ಟು ಹೇಳಬೇಕು. ಸೌಜನ್ಯಕ್ಕೂ ಒಂದು ಮಿತಿ ಇರಬೇಕು. ಕೋಟನ್ನು ಬಿಚ್ಚಿದ್ದೇನೆ, ತಮ್ಮ ಮೈ ತಣ್ಣಗಾಗಿದೆ, ಡಬ್ಬಿಯ ಮುಖವೂ ಈಗ ಕೋಣೆಯ ಕಡೆಗಿದೆ, ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಾರದು. ಸಾಧ್ಯವಿದ್ದರೆ ಷಡ್ಡಕರ ಯಂತ್ರಕ್ಕೆ, ತಮ್ಮ ಜಾತಿಬಾಂಧವ್ಯದ ಪ್ರಭಾವ ಬಳಸಿ, ಒಂದೇ ಒಂದು ದಿನದ ಮಟ್ಟಿಗೆ ಸಣ್ಣಗೆ ನೆಗಡಿ ಬರಿಸಬೇಕು. ಇದೆಲ್ಲ ಆಗದಿದ್ದರೂ ಚಿಂತೆಯಿಲ್ಲ. ಆದರೆ ಒಂದನ್ನು ಮಾತ್ರ ಕೈಮುಗಿದು ಕೇಳುತ್ತೇನೆ. ಅಂದು ಅವರನ್ನು ಬೀಳ್ಕೊಡುವಾಗ ನನ್ನ ಹೆಂಡತಿ, ಬಾಗಿಲಿನಲ್ಲಿ ನಿಂತು, ಮುಖ ಕೊಂಚ ಕೆಂಪಗಾಗಿ, ಮುಂದಿನ ಭಾನುವಾರವೂ ಬನ್ನಿ ಎಂದು ಅಕ್ಕನಿಗೆ ಹೇಳಿದ್ದಾಳೆ. ಯಾರ ಮೇಲೆ ನಂಬಿಕೆಯಿಟ್ಟು ಹೇಳಿದಳೆಂದು ನನಗೆ ಗೊತ್ತು. ನನ್ನನ್ನು ತಾವು ಎಷ್ಟು ಬೇಕಾದರೂ ನಗೆಪಾಟಲು ಮಾಡಿ, ಬೇಸರವಿಲ್ಲ. ಅವಳನ್ನು ಮಾತ್ರ ಇನ್ನೊಮ್ಮೆ ನೊರೆ ಕುಡಿಯುವಂತೆ ಮಾಡಬೇಡಿ.

ತಂಪು ಬೇಡುತ್ತಾ, ಇಷ್ಟಾದರೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ಹಿಂದಿನ ಕೋಣೆಯ ದರ್ಜಿ

ಪತ್ರ ಬರೆದು ಕೆಲವು ದಿನಗಳ ಮೇಲೆ ಸೇರಿಸಿದ ಮಾತು: ಹೆಂಡತಿಗೆ ಆ ರುಚಿ ಹಿಡಿಸಿದೆ. ಬಲಗಡೆಯ ನಲ್ಲಿ ತನ್ನದೆಂದು ಘೋಷಿಸಿದ್ದಾಳೆ, ಅದರಲ್ಲಿ ಈಗ ಬೆರಳಷ್ಟೇ ನೊರೆಯ ತಣ್ಣನೆಯ ಬಿಯರ್ ಬರುತ್ತಿದೆ. ಎಡಗಡೆಯ ನನ್ನ ನಲ್ಲಿಯಲ್ಲಿ ಇಂದಿಗೂ ಬರೀ ನೊರೆ. ಇಬ್ಬರ ಪೀಪಾಯಿಯೂ ಒಂದೇ ಹೊಟ್ಟೆಯಲ್ಲಿರುವಾಗ ಇದು ಹೇಗೆ ಸಾಧ್ಯವೆಂದು ನಾನು ತಮ್ಮನ್ನು ಕೇಳುವುದಿಲ್ಲ. ಈ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂಬುದನ್ನು ತಾವು ನನಗಿಂತ ಬೇಗ ಅರ್ಥಮಾಡಿಕೊಂಡಿದ್ದೀರಿ, ಅಷ್ಟೇ.