ದೂರು ಪುಸ್ತಕವನ್ನು ಓದಿಬಿಟ್ಟ ಸಮಿತಿಗೆ

ಆಸ್ಪತ್ರೆಯ ನೀತಿ ಮತ್ತು ಶಿಸ್ತು ಸಮಿತಿಯ ಪರಮ ಮಾನ್ಯ ಅಧ್ಯಕ್ಷರಿಗೂ, ಅವರ ಎಡಬಲದಲ್ಲಿ ಆಸೀನರಾಗುವ ಸಕಲ ಸದಸ್ಯರಿಗೂ, ತಮ್ಮ ಕಡತದಲ್ಲಿ 'ದೂರುದಾರ' ಎಂದು ನಮೂದಾಗಿರುವ ಈ ಬಡಪಾಯಿಯ ಸವಿನಯ ನಮಸ್ಕಾರಗಳು.

ಮಾನ್ಯರೇ,

ಆದ್ದರಿಂದ, ನಿನ್ನೆ ತಮ್ಮ ಕಚೇರಿಯ ನಾಲ್ಕನೇ ಕಿಟಕಿ ಮುಚ್ಚಿದಾಗ ನನ್ನ ಮಾತು ಎಲ್ಲಿ ತುಂಡಾಯಿತೋ ಅಲ್ಲಿಂದಲೇ ಹಿಡಿದು ಹೇಳುವುದಾದರೆ, ಇಷ್ಟಕ್ಕೆಲ್ಲ ಕಾರಣ ತಾವು ದೂರು ಪುಸ್ತಕವನ್ನು ಓದಿದ್ದು. ಕಿಟಕಿಯ ಹಿಂದಿದ್ದ ಅಮ್ಮಾವ್ರು, "ಸಾರ್, ಊಟದ ಹೊತ್ತಾಯ್ತು, ಉಳಿದಿದ್ದನ್ನ ಬರೆದು ಕೊಟ್ಬಿಡಿ" ಎಂದರು. ಬರೆದು ಕೊಡುತ್ತಿದ್ದೇನೆ. ಬರೆದು ಕೊಟ್ಟೇ ಈ ಗತಿ ಬಂದಿದೆ ಎಂಬುದು ಬೇರೆ ಮಾತು. ಬಹಿರಂಗ ಪತ್ರವಾಗಿ ಏಕೆ ಎಂದರೆ, ಲಕೋಟೆಯಲ್ಲಿಟ್ಟು ಅಂಟಿಸಿದರೆ ತಾವೊಬ್ಬರೇ ಓದುತ್ತೀರಿ. ತಾವೊಬ್ಬರೇ ಓದಿದರೆ ಏನಾಗುತ್ತದೆಂದು ಕಣ್ಣಾರೆ ಕಂಡಿದ್ದೇನೆ.

ನಾನು ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಬಸ್ಸು ಬಂದ ಹೊತ್ತು ಹೋದ ಹೊತ್ತು ಬರೆದುಕೊಂಡಿದ್ದವನು. ದೂರು ಪುಸ್ತಕವನ್ನು ಕಾಯುವ ಕೆಲಸವೂ ನನ್ನದೇ ಆಗಿತ್ತು. ಸಿಟ್ಟಿನಿಂದ ಬುಸುಗುಟ್ಟುತ್ತ ಬಂದ ಪ್ರಯಾಣಿಕರಿಗೆ ಕುರ್ಚಿ ಕೊಟ್ಟು, ದಾರದಲ್ಲಿ ಕಟ್ಟಿದ್ದ ಪೆನ್ನು ಕೈಗಿತ್ತು ಕೂರಿಸಿದರೆ, ಅವರು ಒಂದೂವರೆ ಪುಟ ಬರೆಯುವಷ್ಟರಲ್ಲಿ ತಣ್ಣಗಾಗಿ, ನೀರು ಕುಡಿದು, ನನಗೇ ಥ್ಯಾಂಕ್ಸ್ ಹೇಳಿ, ಬೈದ ಬಸ್ಸನ್ನೇ ಹತ್ತಿ ಹೋಗುತ್ತಿದ್ದರು. ಪುಸ್ತಕ ತುಂಬಿದ ಮೇಲೆ ಅದನ್ನು ಕಿಟಕಿಗೆ ಒತ್ತಿಡುತ್ತಿದ್ದೆವು, ಗಾಳಿಗೆ ಅದರ ಬಾಗಿಲು ಬಡಿದುಕೊಳ್ಳಬಾರದಲ್ಲ. ಅಷ್ಟೂ ವರ್ಷದಲ್ಲಿ ಒಂದು ಸಾಲನ್ನೂ ಯಾರೂ ಓದಿದ್ದಿಲ್ಲ. ದೂರು ಪುಸ್ತಕ ಎಂಬುದು ಬರೆಯುವವನ ಆರೋಗ್ಯಕ್ಕಾಗಿ ಇರುವ ವಸ್ತು ಎಂಬ ನಂಬಿಕೆಯಲ್ಲಿ ಮುದುಕನಾದವನ ಕೈಗೆ ತಾವು ತಮ್ಮ ವಾರ್ಡಿನಲ್ಲಿ ಅಂಥದ್ದೇ ಒಂದು ಪುಸ್ತಕ, ಅಂಥದ್ದೇ ದಾರದ ಪೆನ್ನು ಸಿಗುವಂತೆ ಇಟ್ಟಿದ್ದಿರಿ. ಸರ್, ಐ ಬೆಗ್ ಟು ಸ್ಟೇಟ್ ದಟ್, ಇದರ ಮುಂದೆ ಏನು ಬರುತ್ತದೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಈಗ ನೆನಪಿಲ್ಲ. ಒಟ್ಟಿನಲ್ಲಿ ನಾನು ಮೋಸಹೋದೆ.

ವಿಷಯ ಇಷ್ಟೇ. ನನ್ನ ಹೆಂಡತಿಯ ಹೊಟ್ಟೆಯಲ್ಲಿದ್ದದ್ದು ಕ್ಯಾನ್ಸರ್ ಎಂದು ಡಾಕ್ಟರು ನನ್ನನ್ನೂ ನನ್ನ ಭಾವಮೈದುನನನ್ನೂ ಪಕ್ಕದ ಕೋಣೆಗೆ ಕರೆದು ಹೇಳಿದರು. ಭಾವಮೈದುನ ಕಣ್ಣೊರೆಸಿಕೊಂಡು, "ಭಾವ, ಅಕ್ಕನಿಗೆ ಮಾತ್ರ ಹೇಳೋದು ಬೇಡ, ಹುಣ್ಣು ಅಂದ್ಬಿಡೋಣ" ಎಂದ. ನಾನು ಅಂದುಬಿಟ್ಟೆ. ಡಾಕ್ಟರು ಆಯಿತೆಂದು ಚಿಕಿತ್ಸೆಯ ಒಪ್ಪಿಗೆ ಕಾಗದ ಮುಂದಿಟ್ಟರು. ಅದರಲ್ಲಿ 'ಐ, ದಿ ಅಂಡರ್‌ಸೈನ್ಡ್' ಎಂಬುದನ್ನು ನಿರರ್ಗಳವಾಗಿ ಓದಿದೆ, ಅಲ್ಲಿಂದ ನನ್ನ ಇಂಗ್ಲಿಷ್ ಜಾರಿ ನೇರವಾಗಿ ಕೊನೆಯ ಗೆರೆಯ ಮೇಲೆ ಹೋಗಿ ನಿಂತಿತು. 'ರೋಗಿಯ ಸಹಿ' ಎಂದಿದ್ದ ಜಾಗದಲ್ಲಿ ನಾನು ಸಹಿ ಹಾಕಿದೆ. ರೋಗಿ ಹನ್ನೆರಡು ಹೆಜ್ಜೆ ಆಚೆ, ಎಚ್ಚರವಾಗಿ, ಕನ್ನಡಕ ಹಾಕಿಕೊಂಡು, ಪೇಪರ್ ಓದುತ್ತ ಕೂತಿದ್ದಳು. ಆ ಕಡೆ ಯಾರೂ ಹೋಗಲಿಲ್ಲ.

ಮೂರನೆಯ ಸಲ ಔಷಧ ಏರಿಸುವ ದಿನ ತಮ್ಮ ಆರೋಪಿ, ಅಂದರೆ ಆ ಸಿಸ್ಟರ್, ಕೆಲಸಕ್ಕೆ ಬಂದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಪಕ್ಕದ ಹಾಸಿಗೆಯ ನೆಂಟರು ನಮ್ಮವಳ ಕಾಯಿಲೆ ಏನೆಂದು ಕೆದಕಿದಾಗ "ಅವರನ್ನೇ ಕೇಳಿ, ಹೇಳಬೇಕು ಅನ್ಸಿದ್ರೆ ಹೇಳ್ತಾರೆ" ಎಂದವರು ಅವರು. ಅವರ ಗುಟ್ಟನ್ನು ನಾನು ಬೀದಿಗೆ ಹಾಕಿದರೆ ಚೆನ್ನಾಗಿರುವುದಿಲ್ಲ. ನಾನು ಫ್ಲಾಸ್ಕಿಗೆ ಬಿಸಿನೀರು ತರಲು ಹೋಗಿದ್ದೆ. ಸಿಸ್ಟರ್ ಒಂದರ ಮೇಲೊಂದು ಎರಡು ಜೊತೆ ಕೈಗವಸು, ಕುತ್ತಿಗೆಯಿಂದ ಮೊಣಕಾಲವರೆಗೆ ಗೌನು, ಕಣ್ಣಿಗೊಂದು ಗಾಜು ಹಾಕಿಕೊಂಡು ಔಷಧದ ಚೀಲ ತೂಗಿಸಲು ಬಂದರಂತೆ. ನಮ್ಮವಳು ಹೊಲಿಗೆ ಹೇಳಿಕೊಡುತ್ತಿದ್ದವಳು, ಎಲ್ಲಿ ಯಾವ ದಾರ ಜೋಲುತ್ತಿದೆ ಎಂದು ಮೂಲೆಯಿಂದಲೇ ಕಂಡುಹಿಡಿಯುವ ಕಣ್ಣು. "ಏನಮ್ಮ, ನಿನ್ನ ಕೈಗೆ ತಾಗಬಾರದು ಅಂತ ಇಷ್ಟೆಲ್ಲ ವೇಷ ಹಾಕ್ಕೊಂಡಿದ್ದೀಯ, ಅದು ನನ್ನ ರಕ್ತಕ್ಕೆ ಹೋಗಬಹುದಾ? ಹೊಟ್ಟೆಹುಣ್ಣಿಗೆ ಇಷ್ಟೊಂದು ಭಯನಾ?" ಎಂದು ಕೇಳಿದಳು. ಸಿಸ್ಟರ್ ಚೀಲವನ್ನು ಕೆಳಗಿಳಿಸಿ ಡಾಕ್ಟರಿಗೆ ಎರಡು ಸಲ ಫೋನ್ ಮಾಡಿದರು. ಮನೆಯವರು ಬೇಡವೆಂದಿದ್ದಾರೆ, ಶುರು ಮಾಡಿ ಎಂದು ಉತ್ತರ ಬಂತು. "ಕೇಳ್ತಿರೋದು ಅವರು ಡಾಕ್ಟ್ರೇ, ಮನೆಯವರಲ್ಲ. ನೀವು ಬರೋವರೆಗೆ ಕಾಯ್ತೀನಿ" ಎಂದು ಫೋನಿಟ್ಟು, ಸ್ಟೂಲ್ ಎಳೆದುಕೊಂಡು ಕೂತರು. "ಕ್ಯಾನ್ಸರ್ ಅಲ್ಲ ಅಂತ ನನ್ನ ಮುಖ ನೋಡಿ ಹೇಳು, ನಂಬಿಬಿಡ್ತೀನಿ" ಎಂದಳು ನನ್ನವಳು. ಸಿಸ್ಟರ್ ಹೇಳಲಿಲ್ಲ. ತಮ್ಮ ಕಡತದ ಪ್ರಕಾರ ಅವರ ಅಪರಾಧ ಈ ಹೇಳದಿರುವುದೇ, ಜೊತೆಗೆ ನಲವತ್ತು ನಿಮಿಷ ತಡ.

ನಾನು ಫ್ಲಾಸ್ಕು ಹಿಡಿದು ಬಂದಾಗ ಇಬ್ಬರೂ ನಗುತ್ತಿದ್ದರು. ನನ್ನವಳು ನನ್ನ ಕಡೆ ಬೆರಳು ತೋರಿಸಿ, "ನೋಡು, ಇವರೇ. ಮದುವೆಯಾದಾಗಿನಿಂದ ಒಂದು ಹೊದಿಕೆ ಮಡಚಿದವರಲ್ಲ, ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಮಡಚೋಕೆ ಶುರು ಮಾಡಿದ್ರು. ಅವತ್ತೇ ಅಂದ್ಕೊಂಡೆ, ದೊಡ್ಡದೇ ಏನೋ ಬಂದಿದೆ ಅಂತ" ಎಂದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದದ್ದಾಯಿತು ನನ್ನ ಮೂರು ತಿಂಗಳ ನಾಟಕ. ಅವಮಾನವಾಯಿತು, ಭಯವಾಯಿತು, ಭಯವಾದಾಗ ಗಂಡಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ: ಹೊರಗೆ ಹೋಗಿ ಬೇರೆಯವರ ಮೇಲೆ ದೂರು ಬರೆದೆ.

ಆ ದೂರು ಚೆನ್ನಾಗಿಯೇ ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ. 'ನಿರ್ದಯಿ', 'ಅಧಿಕಾರ ಮೀರಿದ', 'ಒಂದು ಸಂಸಾರದ ನೆಮ್ಮದಿಗೆ ಕೊಳ್ಳಿಯಿಟ್ಟ' ಎಂಬಂಥ ಮಾತುಗಳು ಮೂವತ್ತೊಂದು ವರ್ಷ ಪ್ರಯಾಣಿಕರ ಕೈಬರಹದಲ್ಲಿ ಓದಿ ಕಲಿತವು. (ಓದುತ್ತಿದ್ದವನು ನಾನೊಬ್ಬ, ಯಾರೂ ಓದಿಲ್ಲ ಎಂದು ಮೇಲೆ ಬರೆದದ್ದನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳಿ.) ಬರೆದೆ, ತಣ್ಣಗಾದೆ, ನೀರು ಕುಡಿದೆ, ಒಳಗೆ ಹೋದೆ. ಅಷ್ಟರಲ್ಲಿ ಡಾಕ್ಟರು ಬಂದಿದ್ದರು. ನನ್ನವಳು ಹಾಸಿಗೆಯ ಮೇಲೆ ನೆಟ್ಟಗೆ ಕೂತು ಒಂದೊಂದಾಗಿ ಪ್ರಶ್ನೆ ಕೇಳಿ, ಕೇಳಿದ್ದಕ್ಕೆಲ್ಲ ಉತ್ತರ ಪಡೆದು, ಹೊಸ ಕಾಗದದಲ್ಲಿ ತನ್ನ ಜಾಗದಲ್ಲಿ ತಾನೇ ಸಹಿ ಹಾಕಿದಳು.

ಅದಾದ ಮೇಲೆ ಅವಳು ಏಳು ತಿಂಗಳು ಇದ್ದಳು. ಆ ಏಳು ತಿಂಗಳಲ್ಲಿ, ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ತನ್ನ ಅಕ್ಕನಿಗೆ ಫೋನ್ ಮಾಡಿ ಅರ್ಧಕ್ಕೆ ನಿಂತಿದ್ದ ಜಗಳವನ್ನು ಮುಂದುವರಿಸಿ, ಗೆದ್ದು, ಆಮೇಲೆ ಅಕ್ಕನನ್ನು ಮನೆಗೇ ಕರೆಸಿಕೊಂಡಳು. ನನಗೆ ಅನ್ನ ಮಾಡುವುದನ್ನು ಕಲಿಸಿದಳು. "ರೀ, ನೀವು ಸುಳ್ಳು ಹೇಳೋದನ್ನ ಬಿಟ್ಟಿದ್ದು ಒಳ್ಳೇದಾಯ್ತು, ನಿಮಗೆ ಅದು ಬರೋದೇ ಇಲ್ಲ" ಎಂದು ದಿನಕ್ಕೊಂದು ಸಲ ಹೇಳಿದಳು. ಐದನೆಯ ಸಲದ ಔಷಧ ಬೇಡವೆಂದು ಅವಳೇ ನಿಶ್ಚಯಿಸಿದಳು. ಭಾವಮೈದುನ ಕೂಗಾಡಿದ, ನಾನು ಅತ್ತುಬಿಟ್ಟೆ. ಅದೇ ಸಿಸ್ಟರ್ ಅವಳ ಮಾತನ್ನು ಅವಳದೇ ಪದಗಳಲ್ಲಿ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿದರು.

ಅವಳು ಹೋಗಿ ಏಳು ತಿಂಗಳಾದ ಮೇಲೆ ತಮ್ಮ ಪತ್ರ ಬಂತು. ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಎತ್ತು ಈದಿದೆ ಎಂದು ನಾನು ಬರೆದಿದ್ದೆ, ತಾವು ಹದಿನಾಲ್ಕು ತಿಂಗಳು ಹುಡುಕಿ ಕರುವನ್ನೇ ಹಿಡಿದು ಕಟ್ಟಿದ್ದೀರಿ. ದೂರು ಮೇಲ್ನೋಟಕ್ಕೆ ಸಾಬೀತಾಗಿದೆಯಂತೆ, ನಾಳೆ ಹತ್ತು ಗಂಟೆಗೆ ವಿಚಾರಣೆಯಂತೆ, ನಾನು ಬಂದು ಹೌದೆಂದರೆ ಸಿಸ್ಟರನ್ನು ವಾರ್ಡಿನಿಂದ ತೆಗೆದು ಬಟ್ಟೆಯ ಉಗ್ರಾಣಕ್ಕೆ ಹಾಕುತ್ತೀರಂತೆ. ಅವರ ವಿವರಣೆಯನ್ನೂ ಲಗತ್ತಿಸಿದ್ದೀರಿ, ಎರಡೇ ಸಾಲು: "ರೋಗಿಗೆ ಎಚ್ಚರವಿತ್ತು, ಓದು ಬರುತ್ತಿತ್ತು, ಪ್ರಶ್ನೆ ಕೇಳಿದರು. ನಾನು ಸುಳ್ಳು ಹೇಳಲಿಲ್ಲ." ಅದು ತೃಪ್ತಿಕರವಲ್ಲ ಎನ್ನಲು ತಮಗೆ ಏಳು ಪುಟ ಬೇಕಾಯಿತು.

ನಿನ್ನೆ ದೂರನ್ನು ಹಿಂತೆಗೆದುಕೊಳ್ಳಲು ನಾಲ್ಕನೇ ಕಿಟಕಿಗೆ ಬಂದೆ. ಅಮ್ಮಾವ್ರು ನಮೂನೆ ತಿರುಗಿಸಿ ನೋಡಿ, "ಇದಕ್ಕೆ ರೋಗಿಯ ಸಹಿ ಬೇಕಲ್ಲ ಸಾರ್" ಎಂದರು. ರೋಗಿ ತೀರಿಕೊಂಡಿದ್ದಾಳೆ ಎಂದೆ. "ಹೌದಾ, ಪಾಪ. ಆದ್ರೆ ಅವರ ಬದಲು ನೀವು ಹಾಕೋ ಹಾಗಿಲ್ಲ, ರೂಲ್ಸ್ ಇದೆ" ಎಂದರು. ಮಾನ್ಯರೇ, ಆ ಕ್ಷಣದಲ್ಲಿ ನನಗೆ ತಮ್ಮ ಸಂಸ್ಥೆಯ ಮೇಲೆ ಅಪಾರ ಗೌರವ ಮೂಡಿತು. ಬದುಕಿದ್ದಾಗ ಬೇಡವಾಗಿದ್ದ ಅವಳ ಸಹಿ ಈಗಲಾದರೂ ಬೇಕಾಯಿತಲ್ಲ.

ಆದಕಾರಣ ತಮ್ಮಲ್ಲಿ ಬಿನ್ನಹವೇನೆಂದರೆ, ದಯಮಾಡಿ ಆ ದೂರನ್ನು ಓದಿಯೇ ಇಲ್ಲವೆಂಬಂತೆ ಇದ್ದುಬಿಡಿ. ಒಂದು ಇಡೀ ಸಮಿತಿಗೆ ಇದು ಕಷ್ಟವಾಗಲಾರದು, ನಮ್ಮ ನಿಲ್ದಾಣದಲ್ಲಿ ಈ ಕೆಲಸವನ್ನು ಒಬ್ಬನೇ ನಿಭಾಯಿಸುತ್ತಿದ್ದೆ. ಹಾಗಾಗದು ಎಂದಾದರೆ, ಇನ್ನೊಬ್ಬರ ಜಾಗದಲ್ಲಿ ಸಹಿ ಹಾಕಿದ, ಮೂರು ತಿಂಗಳು ಸುಳ್ಳು ಹೇಳಿದ, ಭಾವಮೈದುನನನ್ನೂ ಅದಕ್ಕೆ ಜೊತೆ ಮಾಡಿಕೊಂಡ ಒಬ್ಬ ವ್ಯಕ್ತಿಯ ಮೇಲೆ ಹೊಸದಾಗಿ ವಿಚಾರಣೆ ಹೂಡಿ. ಅವನ ವಿಳಾಸ ತಮ್ಮಲ್ಲಿದೆ. ಉಗ್ರಾಣಕ್ಕೂ ಅವನನ್ನೇ ಹಾಕಿ. ಹೊದಿಕೆ ಮಡಚಿ ಅನುಭವವಿದೆ, ಮೂಲೆಗೆ ಮೂಲೆ ಸೇರುವುದಿಲ್ಲ, ಅಷ್ಟೇ.

ತಮ್ಮ ನಮೂನೆಯಲ್ಲಿ ಇನ್ನೊಂದು ಪ್ರಶ್ನೆಯಿದೆ: 'ಘಟನೆಯಿಂದ ದೂರುದಾರರಿಗೆ ಆದ ಹಾನಿ.' ಬೆಳಗಿನಿಂದ ಅದರ ಮುಂದೆ ಕೂತಿದ್ದೇನೆ. ಕೊನೆಗೆ ಹೀಗೆ ಬರೆದಿದ್ದೇನೆ: ಏಳು ತಿಂಗಳು ನನ್ನ ಹೆಂಡತಿ ನನ್ನ ಹತ್ತಿರ ಏನನ್ನೂ ಮುಚ್ಚಿಡದೆ ಮಾತಾಡಿದಳು, ಅದರಿಂದ ಈಗ ಮನೆ ತೀರಾ ಸದ್ದಿಲ್ಲದಂತೆ ಕಾಣುತ್ತದೆ. ಇದಕ್ಕೆ ಸಿಸ್ಟರೇ ಹೊಣೆ ಎಂಬುದನ್ನು ನಾಳೆ ತಮ್ಮೆದುರು ನಿಂತು ಖುದ್ದಾಗಿ ಹೇಳುತ್ತೇನೆ. ಇನ್ನೂ ಬರೆಯುವುದಿತ್ತು, ಡಾಕ್ಟರ ವಿಷಯ ಮುಟ್ಟಿಯೇ ಇಲ್ಲ, ಆದರೆ ಬೆಳಕು ಮೇಜಿನಿಂದ ಇಳಿದು ಹೊಸಲು ದಾಟುತ್ತಿದೆ, ಅಕ್ಷರಕ್ಕೆ ಅಕ್ಷರ ಅಂಟಿಕೊಳ್ಳುತ್ತಿದೆ. ಇಲ್ಲಿಗೇ ಬಿಡುತ್ತೇನೆ.

ಇಂತು, ಓದಲಾರರೆಂದು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ದೂರುದಾರ

ತಾ.ಕ.: ನಾಳೆ ಬರುವಾಗ ಸದಸ್ಯರೆಲ್ಲರೂ ಒಂದೊಂದು ಚೀಟಿಯಲ್ಲಿ, ತಮಗೇ ಇಂಥ ಕಾಯಿಲೆ ಬಂದರೆ ತಮಗೆ ಹೇಳಬೇಕೋ ಅಥವಾ ತಮ್ಮನ್ನು ಬಿಟ್ಟು ಮನೆಯವರಿಗಷ್ಟೇ ಹೇಳಬೇಕೋ ಎಂಬುದನ್ನು ಬರೆದು ತರಬೇಕಾಗಿ ವಿನಂತಿ. 'ನನಗೆ ಹೇಳಬೇಡಿ' ಎಂಬ ಚೀಟಿ ಒಂದೇ ಒಂದು ಬಂದರೂ ನನ್ನ ದೂರಿನ ಪ್ರತಿಯೊಂದು ಅಕ್ಷರಕ್ಕೂ ಬದ್ಧನಾಗಿರುತ್ತೇನೆ. ಚೀಟಿಯ ಕೆಳಗೆ ಸಹಿ ಮಾತ್ರ ತಾವೇ ಹಾಕಿ, ಮನೆಯವರಿಂದ ಹಾಕಿಸಬೇಡಿ.